ಹತ್ತೂವರೆ ಅಡಿಯ ಕೋಣೆ

ಮಾರ್ಚ್ ೪, ಮಂಗಳವಾರ

ರೀ,

ಹದಿನಾಲ್ಕು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನಿಮ್ಮನ್ನು ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಹಳೆಯ ಕರೆಯೇ ಕೈಗೆ ಬಂತು. ಬೇಸರವಾದರೆ ಅದೊಂದನ್ನು ಬಿಟ್ಟು ಮುಂದೆ ಓದಿ. ಕ್ಷೇಮ ಕೇಳುವುದಿಲ್ಲ, ನಿಮ್ಮ ತಂಗಿ ಹೇಳುತ್ತಿರುತ್ತಾಳೆ. ವಿಷಯ ಮನೆಯದು.

ಮಾರಿಕೊಡುವ ಏಜೆಂಟರನ್ನು ನಾನೇ ಆರಿಸುತ್ತೇನೆ, ನೀವು ತಲೆ ಹಾಕುವುದು ಬೇಡ ಎಂದು ಅವಳ ಕೈಲಿ ಹೇಳಿ ಕಳಿಸಿದ್ದೆನಲ್ಲ. ಆರಿಸಿದೆ. ಆರಿಸಿ ಕೆಟ್ಟೆ.

ಮೊದಲು ಬಂದದ್ದು ದಪ್ಪ ಕನ್ನಡಕದ ಒಬ್ಬ ಹೆಂಗಸು. ನಗು ಎಂಬುದೇ ಇಲ್ಲ. ಬಚ್ಚಲ ಗೋಡೆಯನ್ನು ಉಗುರಿನಿಂದ ಕೆರೆದು ಇಲ್ಲಿ ತೇವ ಇದೆ ಎಂದರು. ನೀವು ನಾಳೆ ನಾಳೆ ಎಂದು ಆರು ವರ್ಷ ರಿಪೇರಿ ಮಾಡಿದ ಆ ಕಿಟಕಿಯನ್ನು ಎಳೆದು, ಮುಚ್ಚಲ್ವಾ ಇದು ಎಂದು ಕೇಳಿದರು. ಸ್ಟೀಲ್ ಟೇಪ್ ಹಿಡಿದು ನನ್ನ ಹೊಲಿಗೆ ಮಷೀನಿನ ಕೆಳಗೆಲ್ಲ ತೂರಿ, ಆ ಕೋಣೆ ಹನ್ನೊಂದು ಅಡಿ ಎಂದು ಬರೆದುಕೊಂಡರು. ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಅವರ ಹಿಂದೆಯೇ ನನ್ನ ಟೇಪ್ ಹಿಡಿದು ನಾನೂ ಅಳೆದೆ. ಹತ್ತೂವರೆ! ಮೈಯೆಲ್ಲ ಉರಿದುಹೋಯಿತು. ಅರ್ಧ ಅಡಿ ಎಲ್ಲಿಂದ ಹುಟ್ಟಿತು, ಕೊಳ್ಳೋರ ಕಣ್ಣಿಗೆ ಮಣ್ಣೆರಚ್ತೀರಾ ಎಂದು ಕೂಗಾಡಿದೆ. ಇನ್ನೊಂದು ಸಲ ಅಳೀರಿ ಅಕ್ಕ ಅಂತ ಅವರು ಹೇಳುತ್ತಲೇ ಇದ್ದರು, ನಾನು ಬಾಗಿಲು ತೋರಿಸಿದೆ.

ಎರಡನೆಯವನು ನಗುಮುಖದವನು. ಈ ರೂಮು ಎಷ್ಟಿದೆ ಮೇಡಂ ಎಂದು ಕೇಳಿದ. ಹತ್ತೂವರೆ ಎಂದೆ. ಕರೆಕ್ಟ್, ನನ್ನ ಕಣ್ಣಿಗೂ ಹಾಗೇ ಕಾಣ್ತಿದೆ ಎಂದು ಬರೆದುಕೊಂಡ. ಚೀಲದಿಂದ ಟೇಪ್ ತೆಗೆಯಲೂ ಇಲ್ಲ. ನಾನು ಅಲ್ಲೇ ಕರಗಿದೆ. ಆರು ತಿಂಗಳು ಅವನ ಮೂಲಕವೇ ಮಾರಬೇಕು, ಬೇರೆ ಯಾರಿಗೂ ಮನೆ ತೋರಿಸುವಂತಿಲ್ಲ ಎಂಬ ಕಾಗದ ಅವನ ಕೈ ಸೇರಿತು.

ಕಳೆದ ವಾರ ಕ್ಲಿನಿಕ್ಕಿನ ನರ್ಸ್ ಬಂದಳು. ಎಂಟು ಜನರ ಬಿಳಿ ಕೋಟುಗಳಿಗೆ ಅಳತೆಯನ್ನು ಚೀಟಿಯಲ್ಲಿ ಬರೆದು ಕಳಿಸಿದ್ದಳು, ನಾನು ಹೊಲಿದ ಎಂಟೂ ದೊಗಳೆ. ಒಂದನ್ನು ಹಾಕಿಕೊಂಡು, ಇದರಲ್ಲಿ ಇಬ್ಬರು ಡ್ಯೂಟಿ ಮಾಡಬಹುದು ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಬಟ್ಟೆ ಅಂಗಡಿಗೆ ಹೋಗಿ ಅವರ ಕಬ್ಬಿಣದ ಅಳತೆಕೋಲಿಗೆ ನನ್ನ ಟೇಪ್ ಹಿಡಿದು ನೋಡಿದೆ. ಎಳೆದು ಎಳೆದು ಹಿಗ್ಗಿದೆ. ಕನ್ನಡಕದವರ ಹನ್ನೊಂದೇ ಸರಿ. ಇಷ್ಟು ವರ್ಷ ಅದರಲ್ಲೇ ಅಳೆದು ಅದರಲ್ಲೇ ಕತ್ತರಿಸುತ್ತಿದ್ದೆ, ಅದಕ್ಕೇ ಯಾರ ಬಟ್ಟೆಯೂ ಕೆಡಲಿಲ್ಲ, ನನಗೂ ಗೊತ್ತಾಗಲಿಲ್ಲ. ಬೇರೆಯವರ ಅಳತೆ ಬಂದಾಗಲೇ ಬಣ್ಣ ಬಯಲಾದದ್ದು. ಅಂಗಡಿಯಲ್ಲಿ ನಿಂತಲ್ಲೇ ನಿಮ್ಮ ನೆನಪಾಯಿತು. ಯಾಕೆಂದು ಬಿಡಿಸಿ ಬರೆಯುವುದಿಲ್ಲ.

ನಗುಮುಖದವನು ಈಗ ನಗುವುದಿಲ್ಲ. ಆರು ವಾರದಲ್ಲಿ ಅವನು ಕರೆತಂದದ್ದು ಒಬ್ಬನನ್ನೇ, ಅದೂ ಅವನ ಸ್ವಂತ ಭಾಮೈದನನ್ನು. ಆ ಭಾಮೈದ ಕೇಳಿದ ಬೆಲೆಗೆ ಕೊಟ್ಟರೆ ಇಬ್ಬರ ಪಾಲಿಗೂ ಏನೂ ಉಳಿಯುವುದಿಲ್ಲ. ಮಾರ್ಕೆಟ್ ಬಿದ್ದಿದೆ ಮೇಡಂ, ಸಿಕ್ಕಿದ್ದಕ್ಕೆ ಬಿಡಿ ಎನ್ನುತ್ತಾನೆ ಏಜೆಂಟ. ಮನೆ ಮಾರಿದ ಮೇಲೆ ಹೊಲಿಗೆಗೆಂದು ನಾನು ಬಾಯಿಮಾತು ಕೊಟ್ಟಿರುವ ಅಂಗಡಿ ಕೋಣೆಯ ಒಡತಿ ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾಳಂತೆ. ಅದು ತಪ್ಪಿದರೆ ಮಷೀನು ಹೊತ್ತುಕೊಂಡು ಎಲ್ಲಿಗೆ ಹೋಗಲಿ? ಭಯವಾಗುತ್ತಿದೆ ರೀ. ಕತ್ತರಿ ಹಿಡಿದರೆ ಗೆರೆ ಬಿಟ್ಟು ಓಡುತ್ತದೆ.

ನಿನ್ನೆ ಕನ್ನಡಕದವರ ಆಫೀಸಿಗೆ ಹೋಗಿ ಕ್ಷಮೆ ಕೇಳಿದೆ. ಅವರು ಕುರ್ಚಿ ತೋರಿಸಿ, ನೀರು ಕೊಟ್ಟು, ಮೊದಲು ಆ ಕಾಗದ ಬಿಡಿಸಿಕೊಳ್ಳಿ ಎಂದರು. ಆಮೇಲೆ, ಮನೆ ಇಬ್ಬರದು ತಾನೇ, ಈ ಸಲ ಇಬ್ಬರೂ ಎದುರಿಗೆ ಕೂತಿದ್ರೆ ಮಾತ್ರ ಬರ್ತೀನಿ ಎಂದರು. ನಾಡಿದ್ದು ಗುರುವಾರ ಹತ್ತು ಗಂಟೆಗೆ ಹೇಳಿದ್ದಾರೆ, ಅದಕ್ಕೇ ಇದನ್ನು ಇವತ್ತೇ ನಿಮ್ಮ ತಂಗಿಯ ಕೈಲಿ ಕಳಿಸುತ್ತಿದ್ದೇನೆ. ಕಾಗದ ಬಿಡಿಸುವುದನ್ನು ನಾನು ನೋಡಿಕೊಳ್ಳುತ್ತೇನೆ, ನೀವು ಬಂದರೆ ಸಾಕು. ಜಗಳ ಆಡುವುದಿಲ್ಲ. ಅವರು ಹೋಗುವವರೆಗಾದರೂ ಆಡುವುದಿಲ್ಲ.

ಇಂತಿ,
ಸದ್ಯಕ್ಕೆ ಇನ್ನೂ ಇದೇ ವಿಳಾಸದಲ್ಲಿರುವ
ನಾನು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಇಬ್ಬರ ಸಹಿಯಿಲ್ಲದೆ ಆ ಕಾಗದ ಹೇಗೆ ನಡೆಯುತ್ತದೆ ಎಂದು ನೀವು ಇಷ್ಟರಲ್ಲಿ ಯೋಚಿಸಿರುತ್ತೀರಿ. ಅದರಲ್ಲಿ ನಿಮ್ಮ ಸಹಿಯೂ ಇದೆ. ಹಾಕಿದವಳು ನಾನು. ಯಜಮಾನ್ರ ಸೈನ್ ತಂದ್ಕೊಡಿ ಎಂದು ಅವನು ಹೇಳಿದ್ದ. ತರಬೇಕಾದರೆ ನಾನೇ ಮೊದಲು ನಿಮ್ಮೊಡನೆ ಮಾತಾಡಬೇಕಿತ್ತು. ಅದು ಬೇಡವೆಂಬ ಹಟಕ್ಕೆ ಅಡುಗೆಮನೆಯಲ್ಲಿ ಕೂತು ನಾಲ್ಕು ಸಲ ಬರೆದು ಕಲಿತು ಹಾಕಿದೆ. ಇದು ನನ್ನ ಸಹಿಯಲ್ಲ ಎಂದು ನೀವು ಒಂದು ಮಾತು ಹೇಳಿದರೆ ಕಾಗದ ಬಿದ್ದುಹೋಗುತ್ತದೆ, ಮನೆ ಉಳಿಯುತ್ತದೆ, ನಾನು ಕಳ್ಳಿಯಾಗುತ್ತೇನೆ. ನನ್ನದೇ ಎಂದರೆ ಕಾಗದ ನಿಲ್ಲುತ್ತದೆ, ಮನೆ ಆ ಭಾಮೈದನ ಪಾಲು. ಯಾವುದನ್ನು ಹೇಳಿದರೂ ನಾನು ಎದುರಾಡುವುದಿಲ್ಲ. ಗುರುವಾರ ಒಂಬತ್ತಕ್ಕೇ ಬಂದುಬಿಡಿ, ಮೊದಲು ನನಗೆ ಹೇಳಿ.