ಸೂತಕ ಮುಗಿಯದ ಕಪಾಟು

ಮಾನ್ಯ ಗೃಹಮಂತ್ರಿಗಳೇ,

ನನ್ನ ತಮ್ಮ ಪ್ರಖ್ಯಾತನ ಪಾಸ್‌ಪೋರ್ಟ್ ನಿಮ್ಮ ಸಚಿವಾಲಯದ ಯಾವುದೋ ಕಪಾಟಿನಲ್ಲಿದೆ. ಅದನ್ನು ವಾಪಸ್ ಕೊಡಿ. ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟನ್ನೇ ಇಂಗ್ಲಿಷಿನಲ್ಲಿ ಒಂದೂವರೆ ವರ್ಷದಿಂದ ಬರೆಯುತ್ತ ಬಂದಿದ್ದೇನೆ, ಪ್ರತಿ ಸಲವೂ ‘ನಿಮ್ಮ ಮನವಿಯನ್ನು ಗಮನಿಸಲಾಗಿದೆ’ ಎಂಬ ಉತ್ತರ ಬರುತ್ತದೆ. ಗಮನಿಸುವುದರಲ್ಲಿ ನಿಮ್ಮ ಕಚೇರಿಯನ್ನು ಮೀರಿಸುವವರಿಲ್ಲ. ಆದ್ದರಿಂದ ಈ ಸಲ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಸಂಚಿಕೆಯಲ್ಲಿ, ನನ್ನ ಭಾಷೆಯಲ್ಲಿ, ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ. ಲಂಡನ್ನಿನಲ್ಲಿರುವ ನಿಮ್ಮ ರಾಯಭಾರ ಕಚೇರಿ ಯಾರಿಂದಲಾದರೂ ಅನುವಾದ ಮಾಡಿಸಿಕೊಳ್ಳಲಿ. ‘ಅಕ್ಕ’ ಎಂಬ ಒಂದು ಮಾತಿಗೆ ಮಾತ್ರ ನಿಮಗೆ ಅನುವಾದ ಬೇಡ.

ಓದುಗರಿಗೆ ಗೊತ್ತಿರಲಿ, ಈ ಮಂತ್ರಿಗಳು ಹುಟ್ಟಾ ಮಂತ್ರಿಗಳಲ್ಲ. ಇಪ್ಪತ್ತು ವರ್ಷಗಳ ಹಿಂದೆ ಆಫ್ರಿಕದಿಂದ ಮ್ಯಾಂಚೆಸ್ಟರ್ ಕಡೆಯ ಒಂದು ಸಣ್ಣ ಕ್ಲಬ್ಬಿಗೆ ಫುಟ್‌ಬಾಲ್ ಆಡಲು ಬಂದ ತೆಳ್ಳಗಿನ ಹುಡುಗ. ಹೊರದೇಶದಿಂದ ಬಂದ ಎಳೆಯ ಆಟಗಾರರನ್ನು ಕ್ಲಬ್ಬಿನವರು ಊರಿನ ಸಂಸಾರಸ್ಥರ ಮನೆಯಲ್ಲಿ ಇರಿಸುವುದು ಇಲ್ಲಿಯ ಪದ್ಧತಿ. ಹಾಗೆ ಸ್ಟಾಕ್‌ಪೋರ್ಟಿನ ನಮ್ಮ ಮನೆಗೆ ಬಂದರು. ಮಹಡಿಯ ಸಣ್ಣ ಕೋಣೆಯಲ್ಲಿ, ಆಗ ಇಲ್ಲಿ ಓದುತ್ತಿದ್ದ ಪ್ರಖ್ಯಾತನ ಜೊತೆ ಮಲಗುತ್ತಿದ್ದರು. ಅವನು ನನ್ನನ್ನು ಅಕ್ಕ ಎನ್ನುತ್ತಿದ್ದ, ಇವರೂ ಅಕ್ಕ ಎಂದರು. ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಸುರಿದುಕೊಂಡು, ಮೂಗಿನಲ್ಲಿ ನೀರು ಬಂದರೂ ಬಿಡದೆ ಉಣ್ಣುತ್ತಿದ್ದರು. ಇಬ್ಬರೂ ಒಬ್ಬರದೊಬ್ಬರು ಸ್ವೆಟರ್ ಕದ್ದು ಹಾಕಿಕೊಳ್ಳುತ್ತಿದ್ದರು, ಬೈಗುಳ ಮಾತ್ರ ನಾನು ಹೊಸದಾಗಿ ಹುಡುಕಬೇಕಾಗುತ್ತಿತ್ತು.

ಮಂತ್ರಿಗಳೇ, ನಿಮ್ಮ ಏಜೆಂಟ್ ನಮ್ಮ ಬಾಗಿಲು ತಟ್ಟಿದ ದಿನ ನೆನಪುಂಟೇ? ಹೊಸ ಒಪ್ಪಂದಕ್ಕೆ ಸಹಿ ಹಾಕಲು ನೀವು ಒಲ್ಲೆ ಎಂದಿದ್ದಿರಿ. ಹಾಕಿದ್ದರೆ ಅವನು ಹೇಳಿದ ಊರಿನಲ್ಲಿ, ಅವನು ಹೇಳಿದಷ್ಟು ವರ್ಷ ಆಡಬೇಕಿತ್ತು. ಸಹಿ ಹಾಕುವ ತನಕ ಇಟ್ಟುಕೊಳ್ಳುತ್ತೇನೆಂದು ನಿಮ್ಮ ಪಾಸ್‌ಪೋರ್ಟ್ ಕೇಳಲು ಬಂದಿದ್ದ, ಅದೊಂದು ಅವನ ಕೈಗೆ ಹೋದರೆ ನಿಮ್ಮ ಕತೆ ಮುಗಿಯುತ್ತಿತ್ತು. ಆ ಪಾಸ್‌ಪೋರ್ಟ್ ಇದ್ದದ್ದು ನಮ್ಮ ದೇವರ ಹತ್ತಿರ. ಮೆಟ್ಟಿಲ ಕೆಳಗಿನ ಕಪಾಟು, ಇಂಗ್ಲಿಷರು ವ್ಯಾಕ್ಯೂಮ್ ಕ್ಲೀನರ್ ಇಡುವ ಜಾಗ, ನಮ್ಮ ದೇವರ ಕೋಣೆ. ಗಣಪತಿಯ ಹಿಂದೆ ಮನೆಮಂದಿಯ ಪಾಸ್‌ಪೋರ್ಟುಗಳೆಲ್ಲ ಇರುತ್ತಿದ್ದವು, ನಿಮ್ಮದೂ ಅಲ್ಲೇ ಇತ್ತು.

ಅದೇ ವಾರ ಕಾರ್ಕಳದಲ್ಲಿ ನನ್ನ ಸೋದರಮಾವ ತೀರಿಕೊಂಡಿದ್ದರು. ಏಜೆಂಟನಿಗೆ ಹೇಳಿದೆ, “ಮನೆಯಲ್ಲಿ ಸಾವಾಗಿದೆ. ಉತ್ತರಕ್ರಿಯೆ ಮುಗಿಯುವ ತನಕ ನಾನು ಆ ಬಾಗಿಲು ಮುಟ್ಟುವ ಹಾಗಿಲ್ಲ.” ಅವನು ನನ್ನ ಗಂಡ ಭುಜಂಗನ ಕಡೆ ತಿರುಗಿದ. “ನೀವು ತೆಗೆಯಿರಿ.” ನಮ್ಮದು ಅಳಿಯಕಟ್ಟು, ಕುಟುಂಬ ನಡೆಯುವುದು ತಾಯಿಯ ಕಡೆಯಿಂದ. ನನ್ನ ಮಾವನ ಸೂತಕ ನನಗೂ ಪ್ರಖ್ಯಾತನಿಗೂ ಸರಿ, ಭುಜಂಗನಿಗೆ ಏನೂ ಇಲ್ಲ, ಅವರು ಧಾರಾಳವಾಗಿ ತೆಗೆಯಬಹುದಿತ್ತು. ಆದರೆ ಮ್ಯಾಂಚೆಸ್ಟರಿನ ಏಜೆಂಟನಿಗೆ ಅಳಿಯಕಟ್ಟು ಎಲ್ಲಿಂದ ಗೊತ್ತಿರಬೇಕು? ಭುಜಂಗ ಗೋಡೆ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಇವನನ್ನು ಬೇಗ ಕಳಿಸು ಮಾರಾಯ್ತಿ, ನಂಗೆ ನಗು ಬರ್ತಾ ಉಂಟು” ಎಂದರು. ಅದನ್ನೂ ಏನೋ ಮಂತ್ರ ಎಂದುಕೊಂಡು ಏಜೆಂಟ್ ಟೊಪ್ಪಿ ತೆಗೆದ. ಪಾಪ, ಸಂತಾಪ ಹೇಳಿ ಹೋದ.

ಸೂತಕ ಕಳೆಯುವುದರೊಳಗೆ ಒಬ್ಬ ವಕೀಲರು ಸಿಕ್ಕಿದರು, ಏಜೆಂಟನ ಜೊತೆಗಿದ್ದ ಹಳೆಯ ಒಪ್ಪಂದವೂ ಬಿದ್ದುಹೋಯಿತು. ಮುಂದಿನದು ಲೋಕಕ್ಕೆ ಗೊತ್ತು. ದೊಡ್ಡ ಕ್ಲಬ್, ದೊಡ್ಡ ಕಪ್, ಗೋಡೆಗಳ ಮೇಲೆ ನಿಮ್ಮ ಚಿತ್ರ. ನನಗೆ ಆಟದ ತಲೆಬುಡ ತಿಳಿಯದು. ಆದರೆ ಎದುರಾಳಿ ಪೆಟ್ಟಾಗಿ ಬಿದ್ದಾಗ ನೀವು ಚೆಂಡನ್ನು ಬೇಕೆಂದೇ ಗೆರೆಯ ಆಚೆಗೆ ಒದೆಯುತ್ತಿದ್ದಿರಿ, ಅವನು ಎದ್ದ ಮೇಲೆ ಆ ಕಡೆಯವರು ಚೆಂಡನ್ನು ನಿಮಗೇ ವಾಪಸ್ ಕೊಡುತ್ತಿದ್ದರು. ಹಾಗೆ ಮಾಡಬೇಕೆಂದು ಯಾವ ನಿಯಮವೂ ಇಲ್ಲವಂತೆ, ಅದು ಬರೀ ಮರ್ಯಾದೆಯಂತೆ. ಟಿ.ವಿ. ಮುಂದೆ ಕೂತು ನಾನು ಹೆಮ್ಮೆ ಪಟ್ಟದ್ದು ನಿಮ್ಮ ಗೋಲುಗಳಿಗಿಂತ ಅದಕ್ಕೇ.

ಬೂಟು ಬಿಚ್ಚಿಟ್ಟು ಊರಿಗೆ ಹೋದಿರಿ, ಪಕ್ಷ ಕಟ್ಟಿದಿರಿ. ಸಭೆ ಸಭೆಯಲ್ಲೂ ಒಂದೇ ಕತೆ ಹೇಳಿದಿರಿ: “ಪರದೇಶದಲ್ಲಿ ನನ್ನ ಪಾಸ್‌ಪೋರ್ಟ್ ಕಿತ್ತುಕೊಳ್ಳಲು ಬಂದಿದ್ದರು. ಒಬ್ಬ ಅಕ್ಕ ಅದನ್ನು ತನ್ನ ದೇವರ ಹಿಂದೆ ಬಚ್ಚಿಟ್ಟಳು. ನನ್ನ ಸರ್ಕಾರ ಬಂದರೆ ಈ ನೆಲದಲ್ಲಿ ಯಾರ ಪಾಸ್‌ಪೋರ್ಟಿಗೂ ಯಾರೂ ಕೈ ಹಾಕುವುದಿಲ್ಲ.” ಜನ ಚಪ್ಪಾಳೆ ತಟ್ಟಿದರು. ನಾನೂ ಆ ವಿಡಿಯೋವನ್ನು ವುಲ್ವರ್‌ಹ್ಯಾಂಪ್ಟನ್ನಿನಿಂದ ಕಾರ್ಕಳದ ತನಕ ಇದ್ದಬದ್ದವರಿಗೆಲ್ಲ ಕಳಿಸಿದೆ. ನೀವು ಗೆದ್ದಿರಿ. ಗೃಹಖಾತೆಯನ್ನೇ ಕೇಳಿ ಪಡೆದಿರಿ. ಆ ಹಳೆಯ ಪಾಸ್‌ಪೋರ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪಕ್ಷದ ಕಚೇರಿಯಲ್ಲಿ ಪ್ರದರ್ಶನಕ್ಕೂ ಇಟ್ಟಿರಿ. ಆಮೇಲೆ ಅಧಿಕೃತ ಭೇಟಿಗೆಂದು ಇಂಗ್ಲೆಂಡಿಗೆ ಬಂದವರು ನನ್ನ ಅಡುಗೆಮನೆಯಲ್ಲಿ ಕೂತು, “ನಮ್ಮಲ್ಲಿ ಡಯಾಲಿಸಿಸ್ ಮಷೀನು ಕೆಟ್ಟರೆ ರಿಪೇರಿ ಮಾಡುವವರಿಲ್ಲ ಅಕ್ಕ, ಪ್ರಖ್ಯಾತನನ್ನು ಒಂದು ವರ್ಷ ಕಳಿಸು” ಎಂದಿರಿ. ಅವನ ಕೆಲಸವೇ ಅದು. ಗೆಳೆಯ ಕರೆದನೆಂದು ಹೋದ.

ಅವನು ಸೇರಿದ ಆಸ್ಪತ್ರೆಯ ಮಾಲೀಕರು ನಿಮ್ಮ ವಿರೋಧ ಪಕ್ಷದವರು. ಅವರ ಮೇಲೆ ತನಿಖೆ ಶುರುವಾಯಿತು, ಸಿಬ್ಬಂದಿಯ ಪಾಸ್‌ಪೋರ್ಟುಗಳನ್ನು ‘ಪರಿಶೀಲನೆಗೆ’ ಒಯ್ದರು. ಪ್ರಖ್ಯಾತನ ಮೇಲೆ ಆರೋಪವಿಲ್ಲ, ಅವನನ್ನು ಬಂಧಿಸಿಲ್ಲ, ಬಿಟ್ಟೂ ಇಲ್ಲ. ‘ಲಭ್ಯವಿರಬೇಕು’ ಎಂದಷ್ಟೇ ಆದೇಶ. ಪೇಟೆಗೆ ಹೋಗಿ ಟೊಮೇಟೊ ತರಬಹುದು. ಆಸ್ಪತ್ರೆಗೆ ಬೀಗ ಬಿದ್ದಿರುವುದರಿಂದ ಕೆಟ್ಟ ಮಷೀನುಗಳನ್ನು ಮುಟ್ಟುವಂತಿಲ್ಲ. ಅಲ್ಲಿಯ ನಮ್ಮ ಭಾರತದ ರಾಯಭಾರ ಕಚೇರಿ ಬದಲಿ ಕಾಗದ ಕೊಡಲು ತಯಾರಿದೆ, ಆದರೆ ವಿಮಾನ ಹತ್ತಲು ನಿಮ್ಮ ಇಲಾಖೆಯ ಅನುಮತಿ ಬೇಕು. ಇತ್ತ ಅವನ ಹೆಂಡತಿ ನೀರಜಾ ವಿದನ್‌ಶಾದ ಆಸ್ಪತ್ರೆಯಲ್ಲಿ ಕೆಲಸದ ಪಾಳಿ ಬದಲಿಸಿಕೊಂಡು ಬದಲಿಸಿಕೊಂಡು ಸಾಕಾಗಿದ್ದಾಳೆ. ಮಗಳು ತನ್ವಿ ನಮ್ಮ ಮನೆಯಿಂದಲೇ ಶಾಲೆಗೆ ಹೋಗುತ್ತಾಳೆ. ಮೊನ್ನೆ ಫೋನಿನಲ್ಲಿ ಕೇಳಿದಳು, “ಅಪ್ಪ, ಆರ್ ಯು ಇನ್ ಜೈಲ್?” ಅವನು, “ಇಲ್ಲ ಮಗಾ, ಇಲ್ಲಿ ಬಾಗಿಲಿಗೆ ಬೀಗ ಇಲ್ಲ” ಎಂದ. “ದೆನ್ ಜಸ್ಟ್ ಕಮ್ ಹೋಮ್.” ನಾನು ಅವಳ ಕೈಯಿಂದ ಫೋನ್ ಇಸಿದುಕೊಂಡು ಸುಮ್ಮನೆ ಹವಾಮಾನದ ಮಾತಾಡಿದೆ.

ಬರುವ ಫೆಬ್ರವರಿಗೆ ಅವನು ಹೋಗಿ ಎರಡು ವರ್ಷ. ಅವನ ಹಾಗೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಎರಡು ವರ್ಷ ಸತತವಾಗಿ ಹೊರಗಿದ್ದವರಿಗೆ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ತಪ್ಪಿಹೋಗುತ್ತದೆ. ಅಂದರೆ ನೀವು ಆಮೇಲೆ ಬಿಟ್ಟರೂ ಇಲ್ಲಿಯ ಬಾಗಿಲು ಮುಚ್ಚಿರುತ್ತದೆ. ಆ ಮಗುವಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳಲಿ? ನೀವೇ ಒಂದು ಸಲ ಫೋನ್ ಮಾಡಿ ಹೇಳುತ್ತೀರಾ?

ಆಸ್ಪತ್ರೆಯ ಆ ತನಿಖೆ ಅರ್ಧಕ್ಕೇ ನಿಂತದ್ದಾದರೂ ಯಾಕೆ? ನಿಮ್ಮ ಮಾಜಿ ಅಧ್ಯಕ್ಷರು ತೀರಿಕೊಂಡರು, ರಾಷ್ಟ್ರೀಯ ಶೋಕಾಚರಣೆ ಎಂದು ಕಡತಗಳನ್ನು ಮುಚ್ಚಿದರು. ಶೋಕ ಮುಗಿಯಿತು, ಬಾವುಟ ಮೇಲಕ್ಕೇರಿತು, ಕಡತ ತೆರೆಯಲಿಲ್ಲ. ಕೊನೆಗೆ ಕಳೆದ ತಿಂಗಳು ನಿಮ್ಮ ಆಪ್ತ ಕಾರ್ಯದರ್ಶಿ ಫೋನಿಗೆ ಸಿಕ್ಕಿದರು. ಬಹಳ ವಿನಯದ ಮನುಷ್ಯ. “ಮಂತ್ರಿಗಳು ನಿಮಗೊಂದು ಮಾತು ತಿಳಿಸಲು ಹೇಳಿದ್ದಾರೆ. ಮನೆಯಲ್ಲಿ ಸಾವಾಗಿದೆ, ಕಪಾಟು ತೆಗೆಯುವ ಹಾಗಿಲ್ಲ. ಅಕ್ಕನಿಗೆ ಅರ್ಥವಾಗುತ್ತದೆ, ಎಂದರು.”

ಅರ್ಥವಾಯಿತು. ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿಮ್ಮನ್ನು ಉಳಿಸಿದ ಮಾತನ್ನೇ ಎತ್ತಿ ನನ್ನ ತಮ್ಮನ ಬಾಗಿಲಿಗೆ ಚಿಲಕ ಹಾಕಿದಿರಲ್ಲ, ನಿಮಗೆ ನಾಚಿಕೆಯಾಗಲಿಲ್ಲವೇ? ನಾನು ಆ ಮಾತು ಹೇಳಿದ್ದು ಸಿಕ್ಕಿಬಿದ್ದವನನ್ನು ಬಿಡಿಸಲಿಕ್ಕೆ. ನೀವು ಅದರಲ್ಲಿ ಕಲಿತದ್ದು ಬಾಗಿಲು ಮುಚ್ಚುವ ಉಪಾಯ ಮಾತ್ರವೇ? ಅದನ್ನೂ ಅರ್ಧಂಬರ್ಧ ಕಲಿತಿದ್ದೀರಿ. ತೀರಿಕೊಂಡವರು ನಿಮ್ಮ ಕುಟುಂಬದವರಲ್ಲ, ಬದುಕಿದ್ದಾಗ ಅವರನ್ನು ವೇದಿಕೆಯ ಮೇಲೆ ಬೈದು ಬೈದು ಗಂಟಲು ಕಟ್ಟಿಸಿಕೊಂಡವರು ನೀವು. ನಿಮಗೆ ಯಾವ ಸೂತಕ? ಇಲ್ಲಿ ನೀವು ನಾನಲ್ಲ ಮಂತ್ರಿಗಳೇ, ಭುಜಂಗ. ಧಾರಾಳವಾಗಿ ತೆಗೆಯಬಹುದು, ಗೋಡೆ ನೋಡುತ್ತ ನಿಂತಿದ್ದೀರಿ.

ಸೂತಕಕ್ಕೆ ಕೊನೆಯಿರುತ್ತದೆ ಎಂಬುದು ನಿಮಗೆ ಗೊತ್ತು, ನಮ್ಮ ಸೂತಕ ಕಳೆದ ದಿನ ನೀವೇ ಅಲ್ಲಿದ್ದಿರಿ. ತಲೆಗೆ ಸ್ನಾನ ಮಾಡಿ, ಮನೆಯೆಲ್ಲ ತೀರ್ಥ ಚಿಮುಕಿಸಿ, ಬಾಗಿಲು ತೆಗೆದು ನಿಮ್ಮ ಪಾಸ್‌ಪೋರ್ಟನ್ನು ನಿಮ್ಮ ಕೈಗಿಟ್ಟೆ. “ಏಜೆಂಟ್ ಇವತ್ತಿನವರೆಗೆ ಬಾಗಿಲಲ್ಲೇ ಕಾದಿದ್ದರೆ ಏನು ಮಾಡುತ್ತಿದ್ದೆ ಅಕ್ಕ?” ಎಂದು ಕೇಳಿದಿರಿ. “ಆಗಲೂ ನಿನ್ನ ಕೈಗೇ ಕೊಡುತ್ತಿದ್ದೆ. ಯಾರದ್ದು ಅವರಿಗೆ” ಎಂದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಫೆಬ್ರವರಿಗೆ ಮೊದಲು ಆ ಕಪಾಟು ತೆಗೆಸಿ, ಅವನದನ್ನು ಅವನ ಕೈಗೆ ಕೊಟ್ಟು ವಿಮಾನ ಹತ್ತಿಸಿ. ರಾಶಿಯಲ್ಲಿ ಹುಡುಕುವುದು ಕಷ್ಟ ಎಂದು ನಿಮ್ಮ ಅಧಿಕಾರಿಗಳು ಹೇಳಿದರೆ ಗುರುತು ಹೇಳಿಬಿಡುತ್ತೇನೆ. ನಿಮ್ಮ ದೇಶಕ್ಕೆ ಹೊರಡುವ ದಿನದ ತನಕ ಅದೂ ನಮ್ಮ ಗಣಪತಿಯ ಹಿಂದೆಯೇ ಇತ್ತು. ರಟ್ಟಿನ ಮೇಲೆ ಒಂದು ಕುಂಕುಮದ ಕಲೆಯಿದೆ. ಗಾಜಿನ ಪೆಟ್ಟಿಗೆಯಲ್ಲಿರುವ ನಿಮ್ಮದರ ಮೇಲೂ ಇದೆಯಲ್ಲ, ಅಂಥದ್ದೇ.

ಇಂತಿ,
ನಿಮ್ಮ ಭಾಷಣದಲ್ಲಿ ಇನ್ನೂ ಚಪ್ಪಾಳೆ ಗಿಟ್ಟಿಸುತ್ತಿರುವ ಆ ಅಕ್ಕ,
ಚಿತ್ರಾಕ್ಷಿ
ಸ್ಟಾಕ್‌ಪೋರ್ಟ್, ನವೆಂಬರ್ 2017