ಹಳೆಯ ಟ್ಯಾಂಕಿನ ಅಳತೆ

ವಿಲ್ಫ್,

ಬಿಡಿಭಾಗ ತರಿಸಿ ನೀನೇ ಜೋಡಿಸಿದ ಕಾರಿನ ಪೆಟ್ರೋಲ್ ಟ್ಯಾಂಕ್ ಸೋರುತ್ತಿತ್ತು, ಬದಲಾಯಿಸಲೇಬೇಕಿತ್ತು, ಒಪ್ಪಿದೆ. ಆದರೆ ಅದರ ಎರಡರಷ್ಟು ದೊಡ್ಡದನ್ನು ಮಾಡಿಕೊಡು ಎಂದು ವೆಲ್ಡರ್ ಕ್ಲೈವ್‌ಗೆ ಹೇಳುವ ಮೊದಲು ನನ್ನನ್ನೊಂದು ಮಾತು ಕೇಳಿದೆಯಾ? "ಇನ್ನು ಇನ್ವರ್ನೆಸ್ ತನಕ ಎಲ್ಲೂ ನಿಲ್ಲೋ ಮಾತೇ ಇಲ್ಲ ಕಣೇ!" ಅಂತ ಬೀದಿಗೆಲ್ಲ ಕೇಳಿಸುವಂತೆ ಕೂಗಿದೆಯಲ್ಲ!

ಚಾವಣಿಯಿಲ್ಲದ ಆ ಕಾರು ಓಡುವಾಗ ನಾನು ಕಿರುಚಿದರೂ ಗಾಳಿಯ ಅಬ್ಬರದಲ್ಲಿ ನಿನಗೆ ಕೇಳಿಸುವುದಿಲ್ಲ. ಊರಿನಲ್ಲಿದ್ದರೆ ನೀನು ಗ್ಯಾರೇಜ್ ಬಿಟ್ಟು ಬರುವುದಿಲ್ಲ. ನಾವಿಬ್ಬರೂ ಮಾತಾಡುವುದೇ ಪೆಟ್ರೋಲ್ ಹಾಕಿಸಲು ನಿಂತು ಚಹಾ ಕುಡಿಯುವಾಗ.

ಹಳೆಯ ಟ್ಯಾಂಕಿನ ಅಳತೆಗೆ ರಟ್ಟು ಕತ್ತರಿಸಿ ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಇವತ್ತೇ ಕ್ಲೈವ್‌ಗೆ ಕೊಡು. ಇಲ್ಲವಾದರೆ ನನ್ನ ಸೀಟನ್ನೂ ಕಿತ್ತು ಅಲ್ಲೂ ಒಂದು ಟ್ಯಾಂಕ್ ಕೂರಿಸಿಕೋ.

ಸದ್ಯಕ್ಕೆ ನಿನ್ನ ಪಕ್ಕದ ಸೀಟಿನವಳು,
ನೊರೀನ್