‘ತಿಳಿಸಲಾಗಿದೆ’ ಅಂತ ಬರೆದ ದಿನ

ಶನಿವಾರ, ಬೆಳಿಗ್ಗೆ ಹತ್ತು ಗಂಟೆ

ನನ್ನ ಹಟಮಾರಿ ಮಗಳಿಗೆ, ಅಮ್ಮ ಎದೆಯುಬ್ಬಿಸಿಕೊಂಡು ಬರೆಯುತ್ತಿರುವುದು.

ನಿನ್ನ ಪತ್ರವನ್ನು ನಾನು ಎರಡು ಸಲ ಓದಿದೆ, ನಿಮ್ಮಪ್ಪ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದರು. ಬ್ರೆಡ್ ಕಾರ್ಖಾನೆಯಲ್ಲಿ ಪಾಳಿ ಮೇಲ್ವಿಚಾರಕಿಯಾಗಿ ಮೂರು ತಿಂಗಳಾಗಿಲ್ಲ, ಆಗಲೇ ಮ್ಯಾನೇಜರನ್ನು ಎದುರು ಹಾಕಿಕೊಂಡೆಯಲ್ಲೇ!

ಹಿಂದಿನ ಪಾಳಿಯವರು ಪಾಳಿ ಪುಸ್ತಕದಲ್ಲಿ ‘ಹನ್ನೊಂದಕ್ಕೆ ಯಂತ್ರ ಶುರು, ಸ್ವಚ್ಛತೆಯವರಿಗೆ ತಿಳಿಸಲಾಗಿದೆ’ ಎಂದು ಬರೆದಿದ್ದರು. ಬೇರೆಯವರಾಗಿದ್ದರೆ ಗುಂಡಿ ಒತ್ತಿಬಿಡುತ್ತಿದ್ದರು. ನೀನು ಎದ್ದು ಹೋಗಿ ನೋಡಿದೆ. ಹಿಟ್ಟು ನಾದುವ ಯಂತ್ರದೊಳಗೆ ಭುಜದವರೆಗೆ ಕೈಹಾಕಿ ಉಜ್ಜುತ್ತಿದ್ದ ಆ ಮುದುಕನಿಗೆ ಯಾರೂ ಏನೂ ಹೇಳಿರಲಿಲ್ಲ. ಅವನು ಮುಗಿಸುವವರೆಗೆ ಯಂತ್ರ ಶುರು ಮಾಡಲಿಲ್ಲ, ಅಷ್ಟರಲ್ಲಿ ಕಲಸಿಟ್ಟ ಹಿಟ್ಟು ಹುಳಿಯಾಯಿತು. ಅದಕ್ಕೆ, ಪುಸ್ತಕ ನಂಬದೆ ಕೆಲಸ ನಿಲ್ಲಿಸಿದ್ದು ತಪ್ಪಾಯಿತು ಎಂದು ಬರುವ ಶುಕ್ರವಾರದೊಳಗೆ ಬರೆದುಕೊಡಬೇಕಂತೆ, ಇಲ್ಲದಿದ್ದರೆ ಮತ್ತೆ ಪ್ಯಾಕಿಂಗ್ ವಿಭಾಗಕ್ಕಂತೆ. ಏನು ಮಾಡಲಮ್ಮಾ ಎಂದು ಕೇಳಿದ್ದೀಯ.

ಬರೆದುಕೊಡಬೇಡ.

ಗೋಡೆಗೆ ಹೇಳಿ ಬಂದವರೂ ‘ತಿಳಿಸಲಾಗಿದೆ’ ಅಂತ ಬರೆಯಬಹುದು. ಎದುರಿಗಿರುವವನಿಗೆ ತಿಳಿದರೆ ಮಾತ್ರ ತಿಳಿಸಿದ ಹಾಗೆ. ಇದನ್ನು ನಾನು ಬಲು ದುಬಾರಿಯಾಗಿ ಕಲಿತೆ. ಅದೇ ಕುರ್ಚಿಯಲ್ಲಿ ಕೂತವಳಲ್ಲವೇ ನಾನೂ? ನಮ್ಮ ಕಾಲದಲ್ಲಿ ಪುಸ್ತಕ ಮೊದಲೇ ತುಂಬಿಡುವುದು ರೂಢಿ. ತಿಳಿಸಲಾಗಿದೆ ಎಂದು ಬರೆಯುವುದು, ಆಮೇಲೆ ಹೋಗಿ ತಿಳಿಸುವುದು. ಒಂದು ದಿನ ಬರೆದೆ. ಅಷ್ಟರಲ್ಲಿ ಫೋನ್ ಬಂತು, ಮಾತಿಗೆ ನಿಂತೆ, ಹೋಗಲಿಲ್ಲ. ಯಂತ್ರ ಶುರುವಾಯಿತು. ಒಳಗೆ ಕೈಯಿಟ್ಟು ಉಜ್ಜುತ್ತಿದ್ದವರು ಆಗ ಸ್ವಚ್ಛತೆ ಕೆಲಸದಲ್ಲಿದ್ದ ನಿಮ್ಮಪ್ಪ.

ಎಡಗೈಯ ಎರಡು ಬೆರಳು ಏನಾದವು ಎಂದು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಹೇಳಿದ್ದನ್ನು ಮರೆತೆ ಕಣೇ, ನಂದೇ ತಪ್ಪು ಅಂತ ಅವರು ನಗುತ್ತಿದ್ದರು. ಪುಸ್ತಕದಲ್ಲಿ ಹಾಗೇ ಇತ್ತಲ್ಲ, ಪಾಪ, ನಂಬಿಬಿಟ್ಟರು. ನಾನು ಪಕ್ಕದಲ್ಲೇ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇಪ್ಪತ್ತೆರಡು ವರ್ಷ.

ನಾಚಿಕೆಯಾಗುತ್ತಿದೆ, ಮಗಳೇ. ಆದರೆ ಇವತ್ತು ಹೆಮ್ಮೆಯೇ ಒಂದು ತೂಕ ಹೆಚ್ಚು. ನಾನು ನಡೆಯದ ಆ ಇಪ್ಪತ್ತು ಹೆಜ್ಜೆಯನ್ನು ನೀನು ನಡೆದೆ. ಯಾರದೋ ಕೈ ಯಾರದೋ ಮನೆಗೆ ಪೂರ್ತಿಯಾಗಿ ಹೋಯಿತು. ಹುಳಿಯಾದ ಹಿಟ್ಟು ಚೆಲ್ಲಿ ಬೇರೆ ಕಲಸಿಕೊಳ್ಳಲಿ. ಈ ಪತ್ರವನ್ನು ಮ್ಯಾನೇಜರಿಗೆ ತೋರಿಸು. ನನ್ನ ಮಾನ ಹೋದರೆ ಹೋಗಲಿ. ಆಗಲೂ ಪ್ಯಾಕಿಂಗ್‌ಗೇ ಹಾಕಿದರೆ, ತಲೆಯೆತ್ತಿಕೊಂಡು ಪೆಟ್ಟಿಗೆ ಕಟ್ಟು.

ನಿನ್ನನ್ನು ಹೆತ್ತದ್ದಕ್ಕೆ ಬೀಗುತ್ತಿರುವ,
ಅಮ್ಮ

ತಾ.ಕ.: ಇದನ್ನು ನಿಮ್ಮಪ್ಪನಿಗೆ ಪೂರ್ತಿ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ, ಹಾಗಾದರೆ ನಾನು ಮರೆತಿರಲಿಲ್ಲವಾ ಅಂತ. ಇಲ್ಲ ಅಂದೆ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹೇಳಿದೆ. ಈಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅಂಚೆಗೆ ತಾವೇ ಹಾಕುತ್ತಾರಂತೆ, ಈ ಒಂದು ಕೆಲಸ ಮಾತ್ರ ನನ್ನನ್ನು ನಂಬಿ ಬಿಡುವುದಿಲ್ಲವಂತೆ.